ಬೀಗದ ಗುಳಿಗೆಯನ್ನು ಕೈಬಿಟ್ಟ ಡಾಕ್ಟರು

ಕರುಳಿನ ರೋಗಗಳನ್ನು ಕುರಿತು ಪುಸ್ತಕ ಬರೆದ ವೈದ್ಯರು ನಮ್ಮಲ್ಲಿ ಹಲವರಿದ್ದಾರೆ. ಬಿಜಾಪುರ ಜಿಲ್ಲೆಯ ಹಳ್ಳಿ ದವಾಖಾನೆಗಳಲ್ಲಿ ಮೂವತ್ತೊಂದು ವರ್ಷ ಕುಳಿತು, ಆ ರೋಗಗಳನ್ನು ಒಂದೊಂದು ಹೊಟ್ಟೆಯಲ್ಲಿ ಓದಿದವರು ಡಾ. ಮಡಿವಾಳಪ್ಪನವರು. ಅವರ ಹೆಸರಿನ ಮುಂದೆ ದೊಡ್ಡ ಪದವಿಗಳಿಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಭೇದಿ ಹತ್ತಿದವರ ಬಾಯಿಗೆ ಇಂದು ನೀರು ಬೀಳುತ್ತಿದ್ದರೆ, ಅದರ ಹಿಂದೆ ಅವರ ಹಟವಿದೆ. ಈ ಹಟ ಹುಟ್ಟಿದ್ದು ಒಂದು ತಪ್ಪಿನಿಂದ. ಅವರ ನಿವೃತ್ತಿಯ ಈ ಅಭಿನಂದನ ಸಂಪುಟದಿಂದ ಆ ತಪ್ಪನ್ನು ಬಿಡೋಣವೆಂದು ಸಮಿತಿಯ ಹಿರಿಯರೊಬ್ಬರು ಸೂಚಿಸಿದಾಗ ಅವರು ಕೊಟ್ಟ ಉತ್ತರ ಇಷ್ಟೇ: "ಅದನ್ನ ಬಿಡೂದಾದ್ರ ನನ್ನ ಹೆಸರೂ ಬಿಡ್ರಿ." ಆದ್ದರಿಂದ ಇಲ್ಲಿ ಅದನ್ನೇ ಬರೆಯಲಾಗಿದೆ.

ಇಂಗಳೇಶ್ವರದ ಒಕ್ಕಲು ಮನೆತನದಲ್ಲಿ 1924ರಲ್ಲಿ ಹುಟ್ಟಿದ ಮಡಿವಾಳಪ್ಪನವರು ಪುಣೆಯಲ್ಲಿ ವೈದ್ಯಕೀಯ ಓದಿ, 1948ರಲ್ಲಿ ಸರಕಾರಿ ನೌಕರಿಗೆ ಸೇರಿದರು. ಮೊದಲ ಹದಿನೆಂಟು ವರ್ಷ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲಿ ಕಳೆದವು. ಸೈಕಲ್ಲಿನ ಮೇಲೆ, ಸೈಕಲ್ಲು ಹೋಗದ ಎರೆಹೊಲಗಳಲ್ಲಿ ಕಾಲ್ನಡಿಗೆಯಲ್ಲಿ, ಅವರು ಹೋಗದ ಊರು ಕಡಿಮೆ. 1966ರಲ್ಲಿ ಸಿಂದಗಿ ತಾಲ್ಲೂಕಿನ ಮೋರಟಗಿಗೆ ವರ್ಗವಾಗಿ ಬಂದಾಗ ಅವರ ಚೀಲದಲ್ಲಿ ಒಂದು ಗಾಜಿನ ಡಬ್ಬಿಯಿತ್ತು. ಅದರಲ್ಲಿದ್ದವು ಅಫೀಮಿನ ಜಾತಿಗೆ ಸೇರಿದ, ಆಗಷ್ಟೇ ಬಂದಿದ್ದ ಸಣ್ಣ ಬಿಳಿ ಗುಳಿಗೆಗಳು. ಎರಡು ನುಂಗಿದರೆ ಕರುಳಿನ ಓಟ ನಿಲ್ಲುತ್ತಿತ್ತು. ಜನ ಅದಕ್ಕೆ 'ಬೀಗದ ಗುಳಿಗಿ' ಎಂದು ಹೆಸರಿಟ್ಟರು. ಬೆಳಿಗ್ಗೆ ಹನ್ನೆರಡು ಸಲ ಬಯಲಿಗೆ ಓಡಿದವನು ಸಂಜೆ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುವುದನ್ನು ಕಂಡವರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಡಾಕ್ಟರ ಹೆಸರು ಬೆಳೆಯಿತು. ಅದು ಅವರಿಗೆ ಹಿತವಾಗಿಯೇ ಇತ್ತೆಂಬುದನ್ನು ಅವರೇ ಒಪ್ಪುತ್ತಾರೆ.

1971ರ ಮಳೆಗಾಲದಲ್ಲಿ ಯಂಕಂಚಿಯ ಕುರಿಗಾರ ಬೀರಣ್ಣ ಜ್ವರ, ಹೊಟ್ಟೆನುಲಿತ, ರಕ್ತಭೇದಿಯಿಂದ ಮೋರಟಗಿಗೆ ಬಂದ. ಡಾಕ್ಟರು ಬೀಗದ ಗುಳಿಗೆ ಕೊಟ್ಟರು. ಸಂಜೆಗೆ ಭೇದಿ ನಿಂತಿತು. ಕೈಮುಗಿದು ಊರಿಗೆ ಹೋದವನು ಮೂರನೆಯ ದಿನ ಚಕ್ಕಡಿಯಲ್ಲಿ ಮರಳಿ ಬಂದ. ಹೊಟ್ಟೆ ಡೊಳ್ಳಿನಂತೆ ಉಬ್ಬಿ ಬಿಗಿದಿತ್ತು, ಜ್ವರ ಇಳಿದಿರಲಿಲ್ಲ. ಬಿಜಾಪುರದ ದೊಡ್ಡಾಸ್ಪತ್ರೆಗೆ ಒಯ್ಯುವ ದಾರಿಯಲ್ಲಿ, ಬಸ್ಸಿನಲ್ಲೇ, ಅವನು ಹೋಗಿಬಿಟ್ಟ. 'ಕರುಳಿನ ತೀವ್ರ ಉರಿಯೂತ' ಎಂದು ಡಾಕ್ಟರು ಚೀಟಿಯಲ್ಲಿ ಬರೆದರು. ಬರೆದದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲವೆಂಬ ಅನುಮಾನ ಮಾತ್ರ ಅವರನ್ನು ಬಿಡಲಿಲ್ಲ.

ಎರಡು ವರ್ಷದ ಮೇಲೆ, ತರಬೇತಿಗೆಂದು ಹುಬ್ಬಳ್ಳಿಗೆ ಹೋದಾಗ, ಅಲ್ಲಿನ ಗ್ರಂಥಾಲಯದಲ್ಲಿ ಒಂದು ವಿದೇಶಿ ವರದಿ ಅವರ ಕೈಗೆ ಸಿಕ್ಕಿತು. ರಕ್ತಭೇದಿಯ ರೋಗಾಣು ಹೊಕ್ಕವರಿಗೆ ಕರುಳು ನಿಲ್ಲಿಸುವ ಗುಳಿಗೆ ಕೊಟ್ಟರೆ ಜ್ವರ ಬೇಗ ಇಳಿಯುವುದಿಲ್ಲ, ರೋಗಾಣು ಬೇಗ ಹೊರಬೀಳುವುದಿಲ್ಲ ಎಂದು ಅದರಲ್ಲಿತ್ತು. ಅವರು ಹಳೆಯ ಪಾಠಗಳನ್ನು ತೆಗೆದು ಮತ್ತೆ ಕುಳಿತರು. ಕರುಳಿನ ಗೋಡೆಯಲ್ಲಿ ದೇಹದ ಕಾವಲು ಕಣಗಳು ತುಂಬಿರುತ್ತವೆ. ರೋಗಾಣು ಒಳನುಗ್ಗಿದಾಗ ರಕ್ತದ ಬಿಳಿ ಕಣಗಳೂ ಅಲ್ಲಿಗೆ ಧಾವಿಸುತ್ತವೆ. ಅವು ಹೊರಬಿಡುವ ದ್ರವ್ಯಗಳಿಂದ ಜ್ವರವೇರುತ್ತದೆ, ಗೋಡೆ ಬಾತುಕೊಳ್ಳುತ್ತದೆ, ಕರುಳಿಗೆ ನೀರು ಇಳಿಯುತ್ತದೆ, ಕರುಳಿನ ಸ್ನಾಯು ಹಿಂಡಿ ಹಿಂಡಿ ಎಲ್ಲವನ್ನೂ ಹೊರದೂಡುತ್ತದೆ. ಅಂದರೆ ಭೇದಿಯಲ್ಲಿ ರೋಗದ ಪಾಲಿದ್ದಂತೆ ರಕ್ಷಣೆಯ ಪಾಲೂ ಇದೆ. ಆ ದಾರಿಗೆ ಬೀಗ ಜಡಿದರೆ ವಿಷ ಒಳಗೇ ಉಳಿಯುತ್ತದೆ, ಬಾತ ಕರುಳು ಸೋತು ಉಬ್ಬುತ್ತದೆ. ಬೀರಣ್ಣನ ಹೊಟ್ಟೆ ಅವರ ಕಣ್ಣ ಮುಂದೆ ಬಂತು. ಮೋರಟಗಿಗೆ ಮರಳಿದ ದಿನವೇ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಯಂಕಂಚಿಯಲ್ಲಿ ಬೀರಣ್ಣನ ಮನೆಗೆ ಹೋಗಿ ಅವನ ಹೆಂಡತಿಗೆ ವಿಷಯ ಹೇಳಲು ಮಾತ್ರ ಅವರಿಗೆ ಕಾಲೇಳಲಿಲ್ಲ.

ಮರುವರ್ಷ, 1974ರ ಮೊದಲ ಮಳೆಗೆ ಹಳ್ಳದ ನೀರು ಯಂಕಂಚಿಯ ಬಾವಿಗೆ ಹೊಕ್ಕಿತು. ಒಂದೇ ವಾರದಲ್ಲಿ ಹದಿನಾಲ್ಕು ಜನಕ್ಕೆ ರಕ್ತಭೇದಿ. ಡಾಕ್ಟರು ನರ್ಸ್ ಸಾವಂತ್ರವ್ವನವರನ್ನು ಕರೆದುಕೊಂಡು ಹೊರಟಾಗ ಕಂಪೌಂಡರ್ ರಾಚಪ್ಪ ಒಂದು ಉಪಾಯ ಹೇಳಿಕೊಟ್ಟ: "ಗುಳಿಗಿ ಮುಗದಾವ ಅಂದಬಿಡ್ರಿ ಸಾಹೇಬ್ರ. ಅಲ್ಲಿಗೆ ಮಾತು ಮುಗೀತದ." ಮುಗಿಯುವುದಿಲ್ಲವೆಂದು ಡಾಕ್ಟರಿಗೆ ಗೊತ್ತಿತ್ತು. ಅದೇ ಗುಳಿಗೆ ಸಿಂದಗಿಯ ಅಂಗಡಿಯಲ್ಲಿ ಸಿಗುತ್ತಿತ್ತು, ಮುಗಿದಿದೆ ಎಂದರೆ ಜನ ಅಲ್ಲಿಗೆ ಓಡುತ್ತಿದ್ದರು.

ಊರ ಕಟ್ಟೆಯ ಮುಂದೆ ಜನ ಕೂಡಿತ್ತು. ಹಿರಿಯ ಕುರಿಗಾರ ಧೂಳಪ್ಪ ಡಾಕ್ಟರ ಚೀಲದೊಳಗೆ ಇಣುಕಿ ನೋಡಿದ. "ಡಬ್ಬಿ ಎಲ್ಲೈತ್ರಿ ಸಾಹೇಬ್ರ? ಕೊಡ್ಲಿ ಮನ್ಯಾಗ ಬಿಟ್ಟು ಕಟಗಿ ಕಡ್ಯಾಕ ಬಂದಂಗಾತಲ್ರಿ!"

ಜನ ನಕ್ಕರು. ನಗುವವರನ್ನು ಸರಿಸಿಕೊಂಡು ಮುಂದೆ ಬಂದವಳು ಹುಚ್ಚವ್ವ, ಬೀರಣ್ಣನ ಹೆಂಡತಿ. ಹೆಗಲ ಮೇಲೆ ಏಳು ವರ್ಷದ ಮಗಳು ಸುಂದರವ್ವ. ಹುಡುಗಿಯ ಕಣ್ಣು ಒಳಸೇರಿದ್ದವು, ತುಟಿ ಒಣಗಿದ್ದವು. ಭೇದಿ ಹೆಚ್ಚೀತೆಂದು ಹಿಂದಿನ ದಿನದಿಂದ ಅವಳಿಗೆ ಒಂದು ಗುಟುಕು ನೀರೂ ಕೊಟ್ಟಿರಲಿಲ್ಲ. ಊರಲ್ಲಿ ರೂಢಿಯೇ ಅದು.

"ನಮ್ಮ ಮನಿಯವ್ರಿಗೆ ಕೊಟ್ಟಿದ್ರೆಲ್ಲಾ, ಅದ ಗುಳಿಗಿ ಕೊಡ್ರಿ ಸಾಹೇಬ್ರ," ಎಂದಳು. "ಸಂಜಿಗೇ ನಿಂತಿತ್ತು ಭೇದಿ. ಅವ್ರ ಆಯುಷ್ಯ ಇರಲಿಲ್ಲ, ಗುಳಿಗೀದೇನು ತಪ್ಪು?"

ಮೂರು ವರ್ಷದಿಂದ ಅವಳು ನಂಬಿಕೊಂಡಿದ್ದ ಮಾತು ಅದು. ಅದನ್ನು ಹಾಗೇ ಬಿಟ್ಟರೆ ಡಾಕ್ಟರ ಹೆಸರು ಉಳಿಯುತ್ತಿತ್ತು, ಹುಡುಗಿ ಉಳಿಯುತ್ತಿರಲಿಲ್ಲ. ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಹುಚ್ಚವ್ವಾ, ಬೀರಣ್ಣ ಆಯುಷ್ಯ ತೀರಿ ಹೋಗಲಿಲ್ಲ. ನಾ ಕೊಟ್ಟ ಗುಳಿಗಿಂದ ಹೋದ. ಹೊರಗ ಬೀಳೂ ವಿಷಾ ಒಳಗಿಟ್ಟು ಬೀಗ ಹಾಕಿದೆ."

ಹುಚ್ಚವ್ವ ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಇದು ನಿಮಗ ಯಾವಾಗ ಗೊತ್ತಾತ್ರಿ?"

"ಹೋದ ವರ್ಷ."

"ಹೋದ ವರ್ಷದಿಂದ ನಾಕ ಸಲ ನಮ್ಮೂರಿಗೆ ಬಂದೀರಿ. ನಮ್ಮ ಬಾಗಲ ಮುಂದ ಹಾದು ಹೋಗೀರಿ."

"ಹೌದು. ಅಂಜಿದ್ದೆ."

ಧೂಳಪ್ಪ ಕೋಲು ಕುಟ್ಟಿದ. "ಹಂಗಾದ್ರ ಈಗ ಬರೇ ಕೈ ಬೀಸಾಕ ಬಂದೀರೇನು?"

"ಧೂಳಪ್ಪ, ಕುರಿಹಟ್ಟಿಗೆ ತ್ವಾಳ ಹೊಕ್ಕರ ನಿನ್ನ ನಾಯಿ ಏನ ಮಾಡ್ತೈತಿ?"

"ಬೊಗಳತೈತಿ, ಬೆನ್ನ ಹತ್ತತೈತಿ, ಇಡೀ ಹಟ್ಟಿ ಎಬ್ಬಸತೈತಿ."

"ಗದ್ಲ ಭಾಳಾತಂತ ನಾಯಿ ಬಾಯಿಗೆ ಹಗ್ಗಾ ಬಿಗೀತೀಯೇನು?"

"ನನಗೇನ ತಲಿ ಕೆಟ್ಟೈತೇನ್ರಿ?"

"ಆ ಗುಳಿಗಿ ಅಂದ್ರ ಅದ ಹಗ್ಗ. ಜ್ವರ, ಭೇದಿ ಅನ್ನೂದು ಮೈಯೊಳಗಿನ ನಾಯಿ ಗದ್ಲ."

ಉತ್ತರ ಬಂದದ್ದು ಹುಚ್ಚವ್ವನಿಂದ. "ನಾಯಿ ಗೆಲ್ಲೂತನಾ ಕುರಿ ಜೀವಂತ ಇರಬೇಕಲ್ರಿ?"

ಆ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಸಭೆಯಲ್ಲೂ ಯಾವ ವೈದ್ಯನೂ ಕೇಳಲಿಲ್ಲವೆಂದು ಮಡಿವಾಳಪ್ಪನವರು ಇಂದಿಗೂ ಹೇಳುತ್ತಾರೆ. "ಅದಕ್ಕ ನೀರು ಬೇಕು. ಹೋದಷ್ಟೂ ತುಂಬಬೇಕು. ರೋಗಾಣುವಿಗೆ ಬ್ಯಾರೆ ಔಷಧ ತಂದೇನಿ," ಎಂದರು.

"ತುಂಬ್ರಿ ಹಂಗಾದ್ರ. ನೀವ ಕೂತು ತುಂಬ್ರಿ. ನನ್ನ ಮಗಳು ಏಳೂತನಾ ನೀವೂ ಏಳಬ್ಯಾಡ್ರಿ."

ಅವರು ಅವಳ ಮನೆಯ ಪಡಸಾಲೆಯಲ್ಲಿ ಕುಳಿತರು. ಕುದಿಸಿ ಆರಿಸಿದ ನೀರಿಗೆ ಅಳತೆಯ ಸಕ್ಕರೆ, ಉಪ್ಪು. ಸಕ್ಕರೆ ತೀರಿದಾಗ ಜೋಳದ ನುಚ್ಚಿನ ತಿಳಿಗಂಜಿಗೆ ಉಪ್ಪು. ಚಮಚೆಯಿಂದ ಒಂದೊಂದೇ ಗುಟುಕು. ಹುಡುಗಿ ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಮೊದಲಿನಿಂದ. ಸಾವಂತ್ರವ್ವನವರು ಮನೆಮನೆಗೂ ಹೋಗಿ ಅದೇ ಕೆಲಸ ಕಲಿಸಿದರು. ಭೇದಿ ನಿಲ್ಲಲಿಲ್ಲ, ಚಮಚೆಯೂ ನಿಲ್ಲಲಿಲ್ಲ. ಮರುದಿನ ಮಧ್ಯಾಹ್ನ ಸುಂದರವ್ವ ಉಚ್ಚೆ ಹೊಯ್ದಳು. ಮೈಗೆ ನೀರು ಹತ್ತಿತೆಂಬುದಕ್ಕೆ ಅದೇ ಗುರುತು; ಡಾಕ್ಟರಿಗೆ ಅಂದು ಅದಕ್ಕಿಂತ ದೊಡ್ಡ ಸುದ್ದಿಯಿರಲಿಲ್ಲ. ಮೂರನೆಯ ದಿನ ಹುಡುಗಿ ರೊಟ್ಟಿ ಕೇಳಿದಳು. ಹದಿನಾಲ್ಕು ಜನರಲ್ಲಿ ಹದಿಮೂರು ಜನ ಉಳಿದರು. ಒಬ್ಬ ಮುದುಕ ಉಳಿಯಲಿಲ್ಲ. ಅದನ್ನೂ ಬರೆಯಬೇಕೆಂಬುದು ಅವರ ಕಟ್ಟಪ್ಪಣೆ.

ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಜ್ವರ ಹೋಗಿ ಎರಡು ತಿಂಗಳಾದರೂ ಸುಂದರವ್ವ ಉಂಡೊಡನೆ ಬಯಲಿಗೆ ಓಡುತ್ತಿದ್ದಳು. ರೋಗ ಮರಳಿತೆಂದು ಹುಚ್ಚವ್ವ ಹೆದರಿದಳು. ಡಾಕ್ಟರು ಪರೀಕ್ಷಿಸಿ, "ತ್ವಾಳ ಹೋಗೇತಿ, ನಾಯಿ ಇನ್ನೂ ಸಮಾಧಾನ ಆಗಿಲ್ಲ," ಎಂದರು. ರೋಗಾಣು ಸತ್ತರೂ ಕಾವಲು ಕಣಗಳು ಕರುಳಿನ ಗೋಡೆಯನ್ನು ಕೆಲಕಾಲ ಕೆರಳಿಸುತ್ತಲೇ ಇರುತ್ತವೆ, ರಕ್ಷಿಸಿದ ಕೈಯೇ ಮನೆಯನ್ನೂ ಜಖಂ ಮಾಡಿರುತ್ತದೆ ಎಂಬುದು ಅವರ ತರ್ಕ. ಅಂಥ ಅರವತ್ತಮೂರು ಜನರ ವಿವರವನ್ನು ಐದು ವರ್ಷ ಬರೆದಿಟ್ಟರು. ಅದನ್ನು ದೊಡ್ಡ ಕಾಲೇಜೊಂದಕ್ಕೆ ಮೂರು ಸಲ ಕಳಿಸಿದರು. ಉತ್ತರ ಬರಲಿಲ್ಲ. ಅವರು ಬರೆಯುವುದನ್ನು ಬಿಡಲಿಲ್ಲ.

ಅಂದಿನಿಂದ ನಾಲ್ಕು ತಾಲ್ಲೂಕುಗಳ ನರ್ಸುಗಳಿಗೆ, ಕಂಪೌಂಡರುಗಳಿಗೆ ಅವರು ಪಾಠ ಹೇಳಿದ್ದಾರೆ. ಪ್ರತಿ ಪಾಠವೂ ಬೀರಣ್ಣನ ಹೆಸರಿನಿಂದಲೇ ಶುರುವಾಗುತ್ತದೆ. ಕೇಳಿದವರು ಮುಜುಗರದಿಂದ ತಲೆ ತಗ್ಗಿಸುತ್ತಾರೆ, ಆದರೆ ಮರೆಯುವುದಿಲ್ಲ. ಅವರ ಉದ್ದೇಶವೂ ಅದೇ.

ಈ ವರ್ಷ, 1979ರಲ್ಲಿ, ಐವತ್ತೈದು ತುಂಬಿ ಅವರು ನಿವೃತ್ತರಾಗುತ್ತಿದ್ದಾರೆ. ಈ ಸಂಪುಟಕ್ಕಾಗಿ ಹುಚ್ಚವ್ವನನ್ನೂ ಒಂದು ಮಾತು ಕೇಳಲಾಯಿತು. ಕ್ಷಮಿಸಿದಿರಾ ಎಂದು ಕೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದು ನನಗೂ ಅವ್ರಿಗೂ ಇದ್ದ ಮಾತು, ನಿಮಗ್ಯಾಕ? ಬರಕೋರಿ: ಅವ್ರು ಭಾಳ ದಿನ ಇರಬೇಕು. ನಾಳೆ ಹೊಸಾ ಡಾಕ್ಟರ ಬಂದು ಮತ್ತ ಆ ಡಬ್ಬಿ ತಗದ್ರ, ಇವ್ರು ಎದ್ದು ನಿಂತು ನಮ್ಮ ಮನಿಯವ್ರ ಹೆಸರು ಹೇಳಬೇಕು."

ಡಾ. ಮಡಿವಾಳಪ್ಪನವರಿಗೆ ಈ ಸಂಪುಟದ ಹಾರೈಕೆಯೂ ಇದೇ.