ತಲೆದಿಂಬಿಗೆ ಎರಡು ಹನಿ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಮಾತ್ರೆಯಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಅವಳ ಮಂಡಿ ಸವೆದಿತ್ತು, ನಾಲಿಗೆ ಮಾತ್ರ ಸವೆದಿರಲಿಲ್ಲ. ಓದು ಬಾರದವರಿಗೆ ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಪೆನ್ನಿನಿಂದ ಸೂರ್ಯನನ್ನೋ ಚಂದ್ರನನ್ನೋ ಬರೆದು ಕೊಡುತ್ತಿದ್ದಳು. ಯಾರಾದರೂ "ಅರ್ಧ ಮಾತ್ರೆ ಸಾಕು ಅನ್ನಿಸ್ತು" ಎಂದರೋ, ಕೆಟ್ಟರು. "ನಿಮಗೆ ಅನ್ನಿಸಿದ್ದು ನಿಮ್ಮ ರಕ್ತಕ್ಕೆ ಗೊತ್ತಾಗುತ್ತೇನ್ರೀ?" ಎಂದು ಅಂಗಡಿಯವರೆಲ್ಲ ತಿರುಗಿ ನೋಡುವಂತೆ ಗದರುತ್ತಿದ್ದಳು.

ಅವಳ ತಂಗಿ ಬೆಣ್ಣೆಯಂಥವಳು. ಅಮ್ಮ ಇದ್ದದ್ದು ಆ ತಂಗಿಯ ಮನೆಯಲ್ಲೇ. ಹೋದ ವರ್ಷ ತಂಗಿ ಯಾವುದೋ ಸುಗಂಧದ ಎಣ್ಣೆಗಳ ತರಗತಿಗೆ ಹೋಗಿ ಬಂದಳು. ಆಮೇಲೆ ಪ್ರತಿ ಶನಿವಾರ ಸಂಜೆ ತನ್ನ ಹಜಾರದಲ್ಲಿ ಹತ್ತು ಹನ್ನೆರಡು ಹೆಂಗಸರನ್ನು ಕೂರಿಸಿಕೊಂಡು ತಾನೇ ಪಾಠ ಶುರುಮಾಡಿದಳು. ಲ್ಯಾವೆಂಡರ್ ಹೂವಿನ ಎಣ್ಣೆ ಎರಡು ಹನಿ ತಲೆದಿಂಬಿಗೆ, ಕಣ್ಣು ಮುಚ್ಚಿ ನಿಧಾನವಾಗಿ ಉಸಿರು. ಎಷ್ಟೋ ತಿಂಗಳಿಂದ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ಅಮ್ಮ ಅದರಿಂದ ಸೊಗಸಾಗಿ ಮಲಗತೊಡಗಿದಳು. ಮಾತ್ರೆಯಕ್ಕನಿಗೂ ಖುಷಿಯೇ ಆಯಿತು. "ಹಾಕ್ಕೊಳ್ಳಮ್ಮ, ಒಳ್ಳೇ ವಾಸನೆ," ಎಂದಳು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅಮ್ಮನ ಕೈಯಿಂದ ಬ್ರಷ್ ಜಾರಿತು. ಬಾಗಿ ಎತ್ತಿಕೊಳ್ಳಲು ಹೋದ ಅಮ್ಮ ಅಲ್ಲೇ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ವೈದ್ಯರು, "ಲಕ್ವ ಹೊಡೆದಿದೆ. ಬಿಪಿ ಮಾತ್ರೆ ತಗೊಳ್ತಿದ್ರಾ?" ಎಂದು ಕೇಳಿದರು.

"ಒಂದು ದಿನವೂ ತಪ್ಪಿಲ್ಲ. ತಿಂಗಳು ತಿಂಗಳು ನಾನೇ ತಂದುಕೊಡ್ತೀನಿ," ಎಂದಳು ಮಾತ್ರೆಯಕ್ಕ. ತಂಗಿ ನೆಲ ನೋಡುತ್ತಾ ನಿಂತಿದ್ದಳು.

ಮಧ್ಯಾಹ್ನ ಅಮ್ಮನ ಬಟ್ಟೆ ತರಲು ತಂಗಿಯ ಮನೆಗೆ ಹೋದ ಮಾತ್ರೆಯಕ್ಕನಿಗೆ ಬೀರುವಿನ ಕೆಳಗಿನ ಖಾನೆಯಲ್ಲಿ, ಮಡಿಸಿಟ್ಟ ಶಾಲಿನ ಅಡಿ, ಎಂಟು ಸ್ಟ್ರಿಪ್ ಮಾತ್ರೆ ಸಿಕ್ಕಿತು. ಒಂದನ್ನೂ ಒಡೆದಿರಲಿಲ್ಲ. ಪ್ರತಿಯೊಂದರ ಹಿಂದೆಯೂ ಅವಳದೇ ಕೈಬರಹದ ಸೂರ್ಯ.

ಅವಳು ಅವನ್ನು ಹಾಗೇ ಮುಷ್ಟಿಯಲ್ಲಿ ಹಿಡಿದು ಆಸ್ಪತ್ರೆಗೆ ಮರಳಿ, ಮೆಟ್ಟಿಲ ಬಳಿ ತಂಗಿಯ ಮುಖದೆದುರು ಹಿಡಿದಳು. "ಏನಿದು?"

"ಚೆನ್ನಾಗಿ ನಿದ್ದೆ ಬರ್ತಿತ್ತಲ್ಲ ಅಕ್ಕ... ಮನಸ್ಸು ಶಾಂತವಾದ್ರೆ ಬಿಪಿ ತಾನಾಗೇ ಇಳಿಯುತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು. ಅಮ್ಮಂಗೂ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು."

"ನನಗೆ ಹೇಳೋದಕ್ಕೇನಾಗಿತ್ತು? ಪ್ರತಿ ಸಲ ಕೇಳಿದಾಗ ಅಮ್ಮ ತಗೊಂಡೆ ಕಣೇ, ತಗೊಂಡೆ ಕಣೇ ಅಂತಿದ್ಳಲ್ಲ!"

"ನೀನು ಬೈತೀಯಾ ಅಂತ ಹೇಳ್ಲಿಲ್ಲ."

ಆ ಮಾತು ಮಾತ್ರೆಯಕ್ಕನ ಎದೆಗೆ ನಾಟಿತು. ಅದರಿಂದ ಸಿಟ್ಟು ಇಳಿಯುವ ಬದಲು ಇಮ್ಮಡಿಯಾಯಿತು. ಸುಳ್ಳು ಹೇಳಿದ ಅಮ್ಮನ ಮೇಲೆ, ಹೇಳಿಸಿದ ತಂಗಿಯ ಮೇಲೆ, ಊರವರ ಮಾತ್ರೆಗಳ ಮೇಲೆಲ್ಲ ಕಣ್ಣಿಟ್ಟು ಹೆತ್ತವಳದನ್ನೇ ಕಾಣದ ತನ್ನ ಮೇಲೆ. ಒಂಬತ್ತು ದಿನ ಅವಳು ತಂಗಿಯೊಂದಿಗೆ ಮಾತಾಡಲಿಲ್ಲ.

ಅಮ್ಮ ಮನೆಗೆ ಬಂದಳು. ಬಲಗೈ ಸ್ವಾಧೀನದಲ್ಲಿಲ್ಲ, ಮಾತು ತೊದಲು. ಮುಂದಿನ ಶನಿವಾರ ಹೊಸ ಮಾತ್ರೆ ಹಿಡಿದು ಬಂದ ಮಾತ್ರೆಯಕ್ಕ ಹೊಸಿಲಲ್ಲೇ ನಿಂತುಬಿಟ್ಟಳು. ಒಳಕೋಣೆಯಲ್ಲಿ ಅಮ್ಮ ಮಲಗಿದ್ದಾಳೆ, ಹಜಾರದಲ್ಲಿ ಪಾಠ ನಡೆಯುತ್ತಿದೆ! ಮನೆಯೆಲ್ಲ ಘಮಘಮ.

ಅವಳು ಚಪ್ಪಲಿಯನ್ನೂ ಬಿಡದೆ ನಡುವೆ ಬಂದು ನಿಂತಳು. "ಈ ಎಣ್ಣೆ ನಂಬಿ ಮಾತ್ರೆ ಬಿಟ್ಟವರು ಎಷ್ಟು ಜನ? ಕೈ ಎತ್ತಿ."

"ಅಕ್ಕ, ದಮ್ಮಯ್ಯ, ಈಗ ಬೇಡ," ಎಂದಳು ತಂಗಿ.

"ನೀನು ಬಾಯಿ ಮುಚ್ಚು. ಎತ್ರೀ ಕೈ!"

ಒಂದು ಕೈ ಎದ್ದಿತು. ಮತ್ತೊಂದು. ಆಮೇಲೆ ಮೂಲೆಯಿಂದ ಮೂರನೆಯದು, ಅರ್ಧಕ್ಕೆ. ಆ ಮೂರನೆಯವರು ಅಂಗಡಿಗೆ ಬರುವವರೇ, ಸಕ್ಕರೆ ಕಾಯಿಲೆಯಿದ್ದ ಟೀಚರ್.

"ನೀವೂನಾ ಟೀಚರ್? ಬನ್ನಿ ಒಳಗೆ, ಎಲ್ಲರೂ ಬನ್ನಿ. ನಿಮ್ಮ ಶಾಂತಿ ನಮ್ಮಮ್ಮನಿಗೆ ಏನು ಮಾಡಿದೆ ನೋಡಿ!" ಎಂದು ಕೋಣೆಯ ಪರದೆಯನ್ನು ಸರ್ರನೆ ಎಳೆದಳು.

ಅಮ್ಮ ಎಡಗೈಯಲ್ಲಿ ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡಳು. "ನಾನೇನು... ಪ್ರದರ್ಶನದ ಗೊಂಬೆಯಾ?" ಎಂದಳು ತೊದಲುತ್ತಾ. ಕಣ್ಣು ಕೆಂಡವಾಗಿತ್ತು. "ಮುಚ್ಚು... ಪರದೆ."

ಮಾತ್ರೆಯಕ್ಕ ಪರದೆ ಮುಚ್ಚಿದಳು. ಹೆಂಗಸರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ತಂಗಿ ಸೀಸೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಾ, "ಅವಳು ನಿನಗೊಬ್ಬಳಿಗೇ ಅಮ್ಮನಾ?" ಎಂದು ಅಳತೊಡಗಿದಳು. ಮಾತ್ರೆಯಕ್ಕನಿಗೆ ಅದಕ್ಕೂ ಸಿಟ್ಟೇ ಬಂತು.

ಶನಿವಾರದ ಪಾಠ ಅಲ್ಲಿಗೇ ನಿಂತಿತು. ಕೈ ಎತ್ತಿದವರಲ್ಲಿ ಇಬ್ಬರು ಮರುದಿನವೇ ವೈದ್ಯರನ್ನು ಕಂಡುಬಂದರು. ಟೀಚರ್ ಬೇರೆ ಅಂಗಡಿ ಹಿಡಿದರು. ಅಲ್ಲಾದರೂ ಮಾತ್ರೆ ಕೊಳ್ಳುತ್ತಾರೋ ಇಲ್ಲವೋ ಎಂದು ನೆನೆದಾಗಲೆಲ್ಲ ಮಾತ್ರೆಯಕ್ಕನ ಮೈ ಉರಿಯುತ್ತದೆ.

ತಂಗಿ ಈಗ ದಿನಾ ಬೆಳಿಗ್ಗೆ ಎಂಟಕ್ಕೆ ಅಮ್ಮನಿಗೆ ಮಾತ್ರೆ ಕೊಟ್ಟು, ಸ್ಟ್ರಿಪ್ಪಿನಲ್ಲಿ ಖಾಲಿಯಾದ ಗುಳಿಯ ಫೋಟೊವನ್ನು ಅಕ್ಕನ ಫೋನಿಗೆ ಕಳಿಸುತ್ತಾಳೆ. ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಅಕ್ಕ ನೋಡುತ್ತಾಳೆ, ಉತ್ತರಿಸುವುದಿಲ್ಲ.

ಭಾನುವಾರ ಅಮ್ಮನ ಉಗುರು ಕತ್ತರಿಸುತ್ತಿದ್ದಾಗ ಅಮ್ಮ ಹೇಳಿದಳು: "ಅವಳ ಜೊತೆ ಮಾತಾಡೇ."

"ಸಿಟ್ಟು ಇಳಿದ ಮೇಲೆ ಮಾತಾಡ್ತೀನಮ್ಮ."

"ಯಾವಾಗ ಇಳಿಯುತ್ತೆ?"

"ನನಗೇನು ಗೊತ್ತು? ಕೈ ಅಲ್ಲಾಡಿಸಬೇಡ, ಸುಮ್ಮನಿರು," ಎಂದು ಗದರಿ ಅವಳು ಮುಂದಿನ ಬೆರಳು ಹಿಡಿದಳು.