ಕಿವಿ ತೋರಿಸಿದರೆ ಮುಗಿಯದ ಲೆಕ್ಕ

ದುರ್ಗಕ್ಕೆ ಬಂದ ಮೊದಲ ದಿನ ಮನೆ ಮಾಲೀಕರ ಹೆಂಡತಿ, ಕಂಬಳಿಯನ್ನು ಮೇಲಕ್ಕೆ ಒಯ್ಯಬೇಡಿ, ವಾಸನೆ ಬರುತ್ತದೆ ಎಂದರು. ಅತ್ತೆ ಅದನ್ನು ಮಡಿಸಿ ಮೆಟ್ಟಿಲ ಕೆಳಗಿಟ್ಟು, ಬರಿನೆಲದಲ್ಲಿ ಮಲಗಿದರು. ನಮ್ಮ ಮಾಡದಕೆರೆಯಲ್ಲಿ ಮನೆಗೆ ಬಂದವರಿಗೆ ಮೊದಲು ಹಾಸುವುದೇ ಕಂಬಳಿ.

ನಮ್ಮವರು ಮೂರನೆಯ ಸಲ ಪರೀಕ್ಷೆ ಬರೆದು ಡಾಕ್ಟರ್ ಓದಿಗೆ ಸೀಟು ಪಡೆಯುವ ಹೊತ್ತಿಗೆ ಮಗಳು ಹುಟ್ಟಿದ್ದಳು, ಮಾವ ತೀರಿಕೊಂಡಿದ್ದರು. ಫೀಸನ್ನು ಬ್ಯಾಂಕು ಸೀದಾ ಕಾಲೇಜಿಗೆ ಕಟ್ಟುತ್ತಿತ್ತು. ಹಾಸ್ಟೆಲ್ಲು ಮತ್ತು ಮೆಸ್ಸು, ಅಂದರೆ ಅಲ್ಲಿನ ಊಟದ ಮನೆ, ಇವುಗಳ ಸಾಲ ಮಾತ್ರ ನಮ್ಮವರ ಕೈಗೆ ಬರುತ್ತಿತ್ತು. ಒಬ್ಬರ ಊಟದ ಆ ಹಣದಲ್ಲಿ ನಾಲ್ವರು ಒಂದು ಕೋಣೆ ಹಿಡಿದು ಉಂಡೆವು. ಕುರಿಗಳನ್ನು ಊರಲ್ಲಿ ಅತ್ತೆಯ ತಮ್ಮನಿಗೆ ಪಾಲಿಗೆ ಬಿಟ್ಟಿದ್ದೆವು; ಸಾಕುವುದು ಅವರು, ಹುಟ್ಟಿದ ಮರಿಗಳಲ್ಲಿ ಅರ್ಧ ನಮಗೆ.

ಊರಲ್ಲಿ ಸೊಪ್ಪು ಕೊಂಡವರಲ್ಲ ನಾವು. ಇಲ್ಲಿ ಕೊತ್ತಂಬರಿಗೂ ಚಿಲ್ಲರೆ ಹುಡುಕಬೇಕು. ನಲ್ಲಿಯ ಸಾಲಿನಲ್ಲಿ ನನ್ನ ಕೊಡ ಹಿಂದೆ ಸರಿಸಿದವಳಿಗೆ ಎದುರು ಮಾತಾಡಲು ನನಗೆ ಆರು ತಿಂಗಳು ಬೇಕಾಯಿತು. ಅಂದು ಅತ್ತೆ ನಕ್ಕು, "ಈಗ ದುರ್ಗದೋಳಾದೆ ನೋಡು" ಎಂದರು.

ಮೂರನೆಯ ವರ್ಷ ಅತ್ತೆ ಮೆಟ್ಟಿಲ ನಡುವೆ ಕೂರತೊಡಗಿದರು. ಏದುಸಿರು, ಕಾಲು ಬಾವು. ಮಗನಿಗೆ ಪರೀಕ್ಷೆ ಇದೆ, ಹೇಳಬೇಡ ಎಂದರು. ನಮ್ಮವರು ಬೆಳಗಿಂದ ಸಂಜೆವರೆಗೆ ಕಂಡವರ ಎದೆಬಡಿತ ಕೇಳಿ ಕಲಿಯುತ್ತಿದ್ದ ಕಾಲ ಅದು. ನಾನು ಹೇಳಬೇಕಿತ್ತು. ಹೇಳಲಿಲ್ಲ.

ಪಾಲಿಗೆ ಬಿಟ್ಟ ಕುರಿ ಸತ್ತರೆ ಸಾಕಿದವನು ಅದರ ಕಿವಿ ಕೊಯ್ದು ತಂದು ಒಡೆಯನಿಗೆ ತೋರಿಸುತ್ತಾನೆ. ಅಲ್ಲಿಗೆ ಅದರ ಲೆಕ್ಕ ಮುಗಿಯಿತು, ಯಾರೂ ಮರುಮಾತಾಡುವುದಿಲ್ಲ. ಸಾಲದ ಕಾಗದಕ್ಕೆ ಮಗನ ಜೊತೆ ಹೆಬ್ಬೆಟ್ಟು ಒತ್ತಿದ್ದವರು ಅತ್ತೆ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಅಂದರು:

"ಹೆಬ್ಬೆಟ್ಟು ನಂದಲ್ವೇನವ್ವ? ನಾನು ಸತ್ತ ಮ್ಯಾಲೆ ಬ್ಯಾಂಕಿನೋರಿಗೆ ಆ ಸತ್ತ ಚೀಟಿ ತೋರ್ಸು, ಕಿವಿ ತೋರ್ಸಿದಂಗೆ. ನನ್ ಮಗ ಮಲ್ಲೇಶನ ತಲೆ ಮ್ಯಾಗಿಂದು ಇಳೀತೈತೆ."

"ಬ್ಯಾಂಕು ಹಂಗಲ್ಲ ಕಣತ್ತೆ."

"ನೀನೇನ್ ಬಲ್ಲೆ, ಏಳ್ನೇ ಕ್ಲಾಸು."

ಇಬ್ಬರೂ ನಕ್ಕೆವು. ಹದಿನೈದು ದಿನದಲ್ಲಿ ಅವರು ಹೋದರು. ನಮ್ಮವರು ಅವ್ವನ ಕಾಲಿನ ಬಾವನ್ನು ಬೆರಳಲ್ಲಿ ಒತ್ತಿ, ಅಲ್ಲಿ ಉಳಿದ ಗುಂಡಿಯನ್ನೇ ನೋಡುತ್ತ ಕುಳಿತರು. ಎಷ್ಟು ದಿನದಿಂದ ಎಂದು ಮಾತ್ರ ಕೇಳಿದರು.

ತಿಥಿ ಮುಗಿದ ಮೇಲೆ ಯಾರಿಗೂ ಹೇಳದೆ ಮರಣದ ಪತ್ರ ಹಿಡಿದು ಬ್ಯಾಂಕಿಗೆ ಹೋದೆ. ಆಗುವುದಿಲ್ಲವೆಂದು ಗೊತ್ತಿತ್ತು. ಆದರೂ ಅವರು ಹೇಳಿದ್ದರಲ್ಲ. ಅಧಿಕಾರಿ ಪತ್ರ ಓದಿ, ಕುಳಿತುಕೊಳ್ಳಲು ಹೇಳಿ, ಸಾಲ ಹಾಗೇ ಇರುತ್ತದೆ, ಇನ್ನು ಅವರ ಜಾಗದಲ್ಲಿ ನೀವು ಸಹಿ ಮಾಡಬೇಕಾಗುತ್ತದೆ ಎಂದರು. ಮಾಡಿದೆ.

ಈಗ ನಮ್ಮವರು ಡಾಕ್ಟರಾಗಿ ಹಿರಿಯೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರುತ್ತಾರೆ. ದುರ್ಗದಲ್ಲೇ ಬೇರೆ ಮನೆ ಹಿಡಿದಿದ್ದೇವೆ. ಕಂಬಳಿಗೆ ಯಾರ ಅಪ್ಪಣೆಯೂ ಬೇಡ. ಹೋದ ತಿಂಗಳು ಅತ್ತೆಯ ತಮ್ಮ ಬಂದಾಗ ಅದನ್ನೇ ಹಾಸಿದೆ. ಅವರು ಎಲೆಯಲ್ಲಿ ಸುತ್ತಿದ್ದ ಕಿವಿಯೊಂದನ್ನು ಬಿಚ್ಚಿಟ್ಟರು.

"ಹೇಳಿ ಕಳ್ಸಿದ್ರೆ ಸಾಕಿತ್ತು ಮಾವ, ಇಷ್ಟು ದೂರ ಬಂದ್ರಿ."

"ಹಂಗಲ್ಲ ತಾಯಿ. ನೀನು ನೋಡ್ಬೇಕು."

ನೋಡಿದೆ. ಒಣಗಿ ಸುರುಟಿತ್ತು. ಲೆಕ್ಕ ಮುಗೀತು ಮಾವ ಎಂದೆ. ಅಂದೊಡನೆ ಅವರ ಮುಖ ಹಗುರಾಯಿತು. ಊಟ ಮಾಡಿಸಿ ಬಸ್ಸು ಹತ್ತಿಸಿದೆ. ಅಲ್ಲಿಂದ ಹಾಗೆಯೇ ಕಂತು ಕಟ್ಟಲು ಬ್ಯಾಂಕಿಗೆ ನಡೆದೆ.