ಹುಣಸೆಹಣ್ಣಿನಲ್ಲಿ ತೊಳೆದ ಪಿಸ್ತೂಲು

ಬೆಳಿಗ್ಗೆ ಪೇಪರಿನ ಒಳಪುಟದಲ್ಲಿ ಬೆರಳಗಲದ ಸುದ್ದಿಯೊಂದು ಬಂದಿತ್ತು. ಚುನಾವಣೆ ಹತ್ತಿರ ಬಂದಿರುವುದರಿಂದ ಪರವಾನಗಿ ಇರುವ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕಂತೆ. ನೀವಾದರೆ ಓದದೆ ಪುಟ ತಿರುಗಿಸುತ್ತೀರಿ. ನಾನು ಮಾತ್ರ ಕಾಫಿ ಅರ್ಧಕ್ಕೇ ಬಿಟ್ಟು ಚಪ್ಪಲಿ ಹುಡುಕಬೇಕಾಗುತ್ತದೆ. ನಾನೇನೂ ಶೂರನಲ್ಲ; ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನೂ ತೋಳು ಪೂರ್ತಿ ಚಾಚಿ, ಮುಖ ತಿರುಗಿಸಿ ಹಿಡಿಯುವವನು. ಆದರೆ ಶಿವಮೊಗ್ಗದ ರವೀಂದ್ರನಗರದಲ್ಲಿರುವ ನನ್ನ ಅತ್ತೆಯ ಬಳಿ ಒಂದು ಪಿಸ್ತೂಲಿದೆ. ಚುನಾವಣೆ ಬಂದಾಗಲೆಲ್ಲ ಭದ್ರಾವತಿಯಿಂದ ಹೋಗಿ ಅತ್ತೆಯನ್ನೂ ಪಿಸ್ತೂಲನ್ನೂ ಠಾಣೆಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ.

ಅತ್ತೆ ಎಂದರೆ ನನ್ನ ಸೋದರಮಾವನ ಹೆಂಡತಿ. ಪಿಸ್ತೂಲು ಮಾವನದು, ಅವರು ತೀರಿಕೊಂಡ ಮೇಲೆ ಪರವಾನಗಿ ಅತ್ತೆಯ ಹೆಸರಿಗೆ ಬಂತು. ಮಾವ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವರು. ದಿನವಿಡೀ ಮೊಳೆ ತೂಗುವುದು, ಒಂದರ ಹಾಗೇ ಇನ್ನೊಂದಿರುವ ನಟ್ಟು ಬೋಲ್ಟು ಮಾರುವುದು. ಅದಕ್ಕೇ ಇರಬೇಕು, ಮನೆಗೆ ಬಂದರೆ ಅವರಿಗೆ ಲೋಕದಲ್ಲಿ ಕೆಲವೇ ಕೆಲವು ಇರುವಂಥ ವಸ್ತು ಬೇಕಿತ್ತು. ನಾಣ್ಯ, ಅಂಚೆಚೀಟಿ ಕೂಡಿಡುವವರನ್ನು ನಾವೆಲ್ಲ ನೋಡಿದ್ದೇವೆ. ಮಾವನ ಹುಚ್ಚು ಹಳೆಯ ಪಿಸ್ತೂಲುಗಳದ್ದು, ಅದರಲ್ಲೂ ಕಂಪನಿಯವರು ಒಂದಿಷ್ಟು ಮಾಡಿ ನಿಲ್ಲಿಸಿಬಿಟ್ಟಂಥವು. ಹಳೆಯ ಮನೆತನದವರಿಂದ ಕಾನೂನು ಪ್ರಕಾರವೇ ಕೊಂಡ ಮೂರು ಅವರ ಬೀರುವಿನಲ್ಲಿದ್ದವು. ಒಂದನ್ನೂ ಅವರು ಹಾರಿಸಿದವರಲ್ಲ. ಮನೆಯಲ್ಲಿ ಗುಂಡುಗಳೇ ಇರಲಿಲ್ಲ.

ಮೂರರಲ್ಲಿ ಅವರ ಜೀವ ಇದ್ದದ್ದು ಒಂದು ಪುಟ್ಟ ಪಿಸ್ತೂಲಿನ ಮೇಲೆ. ಯುರೋಪಿನ ಯಾವುದೋ ಸಣ್ಣ ಕಾರ್ಖಾನೆಯದು. ಭದ್ರಾವತಿ ಬಸ್ಸಿನಲ್ಲಿ ಸೀಟಿಗೊಂದರಂತೆ ಇಟ್ಟರೆ ಮುಗಿದುಹೋಗುವಷ್ಟು ಮಾತ್ರ ಮಾಡಿ ಬಾಗಿಲು ಹಾಕಿದರಂತೆ. ಅದರ ಮೈಮೇಲೆ ನೇರಳೆಹಣ್ಣಿನ ಸಿಪ್ಪೆಯಂಥ ಕಪ್ಪುನೀಲಿ ಬಣ್ಣವಿತ್ತು. ಕಾರ್ಖಾನೆಯವರೇ ಕೊಟ್ಟ ಬಣ್ಣ, ಅದು ಹೋದರೆ ಎಲ್ಲವೂ ಹೋದ ಹಾಗೆ ಎನ್ನುತ್ತ ಮಾವ ಪಂಚೆಯ ತುಂಡಿನಲ್ಲಿ ಹಿಡಿದು ತೋರಿಸುತ್ತಿದ್ದರು. ಆ ಬಟ್ಟೆಯ ಸಮೇತ ನನ್ನ ಕೈಗೆ ಕೊಟ್ಟಾಗ ನಾನು ಏಡಿ ಹಿಡಿದವನಂತೆ ಹಿಡಿದು ಕೂಡಲೇ ವಾಪಸ್ಸು ಕೊಟ್ಟಿದ್ದೆ. ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದ ಅತ್ತೆ ಒಂದೇ ಮಾತು ಕೇಳಿದರು.

"ಅಷ್ಟು ಚೆನ್ನಾಗಿದ್ದಿದ್ರೆ ಇನ್ನೊಂದಷ್ಟು ಮಾಡ್ತಿರ್ಲಿಲ್ವಾ?"

ಮಾವ ಪಿಸ್ತೂಲನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಬೀರುವಿಗೆ ಸೇರಿಸಿದರು. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಕೆಲಸ ಮಾಡುವ ಮಾಚೇನಹಳ್ಳಿಯ ಕಾರ್ಖಾನೆಯಲ್ಲೂ ಆರ್ಡರ್ ಬಾರದೆ ನಿಲ್ಲಿಸಿದ ಬಿಡಿಭಾಗಗಳು ಗೋದಾಮಿನ ಮೂಲೆಯಲ್ಲಿ ಬಿದ್ದಿವೆ. ಲೆಕ್ಕಕ್ಕೆ ಅವೂ ಅಪರೂಪದವೇ. ಯಾವುದು ಅಪರೂಪ, ಯಾವುದು ಗುಜರಿ ಎಂದು ತೀರ್ಮಾನ ಮಾಡುವವರು ಯಾರೋ ನನಗೆ ಗೊತ್ತಾಗುವುದಿಲ್ಲ.

ಹೀಗಿರುವಾಗ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಇರಕೂಡದೆಂಬ ನಿಯಮ ಬಂತು. ಮಾವ ಮೂರನ್ನೂ ಮಂಚದ ಮೇಲೆ ಸಾಲಾಗಿ ಇಟ್ಟುಕೊಂಡು ಯಾವುದನ್ನು ಕೊಡಲಿ ಎಂದು ಬಂದವರನ್ನೆಲ್ಲ ಕೇಳತೊಡಗಿದರು. ದೊಡ್ಡದನ್ನು ಕೊಟ್ಟುಬಿಡಿ ಎಂದು ನಾನು ಒಂದು ಸಲ ಹೇಳಿದೆ, ಮುಂದಿನ ವಾರ ಅದನ್ನೇ ಇಟ್ಟುಕೊಳ್ಳಿ ಎಂದೆ. ಅಷ್ಟರಲ್ಲಿ ಮೈಸೂರಿನ ಸಂಗ್ರಾಹಕರೊಬ್ಬರು ಫೋನ್ ಮಾಡಿದರು. ಅವರಿಗೆ ಬೇಕಿದ್ದದ್ದು ಆ ಪುಟ್ಟದೇ. ನಿಮ್ಮಷ್ಟೇ ಜೋಪಾನವಾಗಿ ನೋಡಿಕೊಳ್ಳುತ್ತೇನೆ ಎಂದರಂತೆ. ಯಾವ ಗಳಿಗೆಯಲ್ಲೋ ಮಾವ ಹೂಂ ಅಂದುಬಿಟ್ಟರು.

ಅಂದಮೇಲೆ ಮುಗಿಯಿತು. ಮಾವನ ವ್ಯಾಪಾರವೆಲ್ಲ ನಡೆದದ್ದು ಬಾಯಿಮಾತಿನ ಮೇಲೆ. ಕೊಟ್ಟ ಮಾತಿಗೆ ತಪ್ಪಿದವರಲ್ಲ ಎಂಬುದೊಂದೇ ಅವರ ಜಂಬ. ಮನಸ್ಸು ಬದಲಾಯಿತು ಎಂದು ಹೇಳಿಬಿಡಿ ಎಂದು ಅತ್ತೆ ಗೋಗರೆದರು. ಮಾವ ಕೇಳಲಿಲ್ಲ.  ಊಟದ ಮಧ್ಯೆ ಎದ್ದು ಹೋಗಿ ಬೀರು ತೆಗೆದು ನೋಡಿ ಬರುತ್ತಿದ್ದರು. ಅವರನ್ನು ನೋಡಿ ನನಗೆ ಸಂಕಟವಾಗುತ್ತಿತ್ತು, ಇಷ್ಟಕ್ಕೆಲ್ಲ ಹೀಗಾ ಎಂದು ಸಿಟ್ಟೂ ಬರುತ್ತಿತ್ತು.

ಮೈಸೂರಿನವರು ವಿಜಯದಶಮಿಯ ದಿನ ಬರುವುದೆಂದಾಯಿತು. ಹಿಂದಿನ ದಿನ ಆಯುಧಪೂಜೆ. ಅಂಗಡಿಯ ತಕ್ಕಡಿ, ಸ್ಕೂಟರಿನ ಬೀಗದ ಕೈ, ಮೂರು ಪಿಸ್ತೂಲು, ಎಲ್ಲವನ್ನೂ ನಡುಮನೆಯಲ್ಲಿ ಮಣೆಯ ಮೇಲಿಟ್ಟು ಪೂಜೆ ಮಾಡುವುದು ಆ ಮನೆಯ ಪದ್ಧತಿ. ಕೋಸಂಬರಿಯ ಆಸೆಗೆ ನಾನೂ ಹೋಗಿದ್ದೆ. ನೋಡುತ್ತೇನೆ, ಪುಟ್ಟ ಪಿಸ್ತೂಲು ಹೊಸ ಸ್ಟೀಲ್ ಲೋಟದ ಹಾಗೆ ಬೆಳ್ಳಗೆ ಫಳಫಳ ಅನ್ನುತ್ತಿದೆ. ಮೇಲೆ ಮೂರು ಗೆರೆ ವಿಭೂತಿ, ಒಂದು ಬೊಟ್ಟು ಕುಂಕುಮ. ಕಪ್ಪುನೀಲಿಯ ಸುಳಿವೇ ಇಲ್ಲ. ಇನ್ನೊಬ್ಬರ ಮನೆ ಸೇರುವ ವಸ್ತುವನ್ನು ಕೊಳೆ ಸಮೇತ ಕಳಿಸುವುದು ಹೇಗೆಂದು ದೀಪದ ಕಂಬಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೆ ಎಂದರು ಅತ್ತೆ. ನಾನು ಹೆದರಿ ಮಾವನ ಮುಖ ನೋಡಿದೆ. ಅವರು ಗಂಟೆ ಬಾರಿಸುತ್ತಿದ್ದರು. ಒಂದು ಮಾತೂ ಬೈಯಲಿಲ್ಲ. ಬೈಯುವ ಶಕ್ತಿಯೂ ಉಡುಗಿಹೋಗಿರಬೇಕು ಅಂದುಕೊಂಡೆ.

ಮರುದಿನ ಬಂದ ಮೈಸೂರಿನವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸದ್ದಾಗದಂತೆ ಕೆಳಗಿಟ್ಟು, ಇನ್ನು ಇದು ಬರೀ ಕಬ್ಬಿಣ ಎಂದರು. ಮಾವ ಕೈಮುಗಿದು ತಪ್ಪಾಯಿತೆಂದರು. ಬರಿಗೈಯಲ್ಲಿ ಕಳಿಸಬಾರದೆಂದು, ಕಾಗದಪತ್ರ ಮುಗಿಸಿ, ಇನ್ನೆರಡರಲ್ಲಿ ಒಳ್ಳೆಯದನ್ನೇ ಕೊಟ್ಟರು. ತೊಳೆದ ಪಿಸ್ತೂಲು ಮನೆಯಲ್ಲೇ ಉಳಿಯಿತು; ಮೂರನೆಯದನ್ನು ಮಾವ ತೀರಿಕೊಂಡ ಮೇಲೆ ಅತ್ತೆ ಮಾರಿಬಿಟ್ಟರು. ಬಣ್ಣ ಹೋದ ಮೈ ತುಕ್ಕು ಹಿಡಿಯಬಾರದೆಂದು ಮಾವ ಕೊನೆಯವರೆಗೂ ಅದಕ್ಕೆ ಎಣ್ಣೆ ಒರೆಸುತ್ತಿದ್ದರು.

ನಾನು ಈ ಕಥೆಯನ್ನು ಹೇಳದ ಮದುವೆಮನೆಯಿಲ್ಲ. ಹೊಳಲೂರಿನಲ್ಲಿ ಒಂದು ಪಂಕ್ತಿಗೆ ಪಂಕ್ತಿಯೇ ಊಟ ನಿಲ್ಲಿಸಿ ನಕ್ಕಿತ್ತು. ಅತ್ತೆಯೂ ಅಲ್ಲೇ ಹೋಳಿಗೆ ಬಡಿಸುತ್ತ ನಕ್ಕಿದ್ದರು.

ಇವತ್ತು ನಾನು ಹೋದಾಗ ಅವರು ಹಿತ್ತಲಿನಲ್ಲಿ ಪೂಜೆಯ ಸಾಮಾನು ತೊಳೆಯುತ್ತಿದ್ದರು. ಠಾಣೆಗೆ ಬೇಗ ಹೊರಡಲಿ ಎಂದು ನಾನೂ ಕೈಹಾಕಿದೆ. ಪಕ್ಕದಲ್ಲಿದ್ದ ದೋಸೆ ಕಾವಲಿಯನ್ನು ಹುಣಸೆನೀರಿನ ಬೋಗುಣಿಗೆ ಅದ್ದುವಷ್ಟರಲ್ಲಿ ಅತ್ತೆ ಕಸಿದುಕೊಂಡರು.

"ಕಬ್ಬಿಣಕ್ಕೆ ಯಾರಾದ್ರೂ ಹುಳಿ ಮುಟ್ಟಿಸ್ತಾರಾ ಮಾರಾಯ? ಮೇಲಿನ ಕಪ್ಪೆಲ್ಲ ಎದ್ದುಹೋಗುತ್ತೆ."

ಹೇಳಿದ ಮೇಲೆ ಅವರಿಗೂ ಹೊಳೆಯಿತು, ನನಗೂ ಹೊಳೆಯಿತು. ಹಾಗಾದರೆ ಅವತ್ತು ನಿಮಗೆ ಗೊತ್ತಿತ್ತಾ ಎಂದು ಕೇಳಿದೆ. ಅತ್ತೆ ದೀಪದ ಕಂಬವನ್ನು ತಿಕ್ಕುತ್ತಲೇ ಇದ್ದರು.

"ಹುಣಸೆಹಣ್ಣು ನೆನೆಹಾಕಿದ್ದು ನಾನಲ್ಲ ಕಣೋ. ನಾನು ಸ್ನಾನ ಮಾಡಿ ಬರೋಷ್ಟರಲ್ಲಿ ನೆನೆಹಾಕಿ, ಪಕ್ಕದಲ್ಲಿ ಅದನ್ನ ಇಟ್ಟು, ನಿಮ್ಮಾವ ಆಚೆ ಹೋಗಿ ಪೇಪರ್ ಹಿಡ್ಕೊಂಡು ಕೂತಿದ್ರು. ಅವ್ರೇನೂ ಹೇಳ್ಲಿಲ್ಲ, ನಾನೇನೂ ಕೇಳ್ಲಿಲ್ಲ."

ನನಗೆ ತಲೆ ಕೆಟ್ಟುಹೋಯಿತು. ಆ ಬಣ್ಣಕ್ಕೆ ಬೆರಳೂ ತಾಗಿಸಲು ಬಿಡದ ಮನುಷ್ಯ, ಅದನ್ನು ಕಳಿಸಲಾರದೆ, ಕಳಿಸುವುದಿಲ್ಲ ಎನ್ನಲೂ ಆರದೆ, ಅದನ್ನೇ ಹಾಳುಮಾಡಿ ಉಳಿಸಿಕೊಂಡರು. ಹಾಳಾದ ಮೇಲೂ ಎಣ್ಣೆ ಒರೆಸಿದರು. ಹಾಗಾದರೆ ಅವರು ಇಷ್ಟಪಟ್ಟಿದ್ದು ಏನನ್ನು? ಅತ್ತೆಯಾದರೂ ಇಷ್ಟು ವರ್ಷ ನನ್ನ ಬಾಯಲ್ಲಿ ಪೆದ್ದಿ ಅನ್ನಿಸಿಕೊಂಡು ನಗುತ್ತ ಹೇಗೆ ಬಡಿಸಿದರು? ನನಗೆ ನಾಚಿಕೆಯಾಯಿತು. ಇನ್ನು ಮೇಲೆ ನಿಜವನ್ನೇ ಹೇಳುತ್ತೇನೆ ಅತ್ತೆ ಎಂದೆ.

"ಬೇಡ. ಮಾತಿಗೆ ತಪ್ಪೋಕೆ ಹಿಂಗ್ ಮಾಡಿದ್ರು ಅಂತಾರೆ ಅವರನ್ನ. ನನ್ನ ಪೆದ್ದಿ ಅಂದ್ರೆ ಅಂದ್ಕೊಳ್ಲಿ ಬಿಡು."

ಆಯಿತು ಎಂದು ಮಾತು ಕೊಟ್ಟೆ. ಸಂಜೆಯ ಹೊತ್ತಿಗೆ ನಿಮ್ಮ ಮುಂದೆ ಎಲ್ಲವನ್ನೂ ಹೇಳಿ ಕೂತಿದ್ದೇನೆ. ಹೇಳಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ. ನೀವು ಮುಂದೆ ಎಲ್ಲಾದರೂ, ಯಾರಿಗಾದರೂ ಈ ಕಥೆ ಹೇಳುವುದಿದ್ದರೆ ದಯವಿಟ್ಟು ನಮ್ಮತ್ತೆಗೆ ಏನೂ ಗೊತ್ತಿರಲಿಲ್ಲ ಎಂದೇ ಹೇಳಿ.